ಕ್ರೀಡಾ ಸಂಪಾದಕ ಯಾರ ಆಳು?

ನಮ್ಮ ಜಿಲ್ಲಾ ಕೇಂದ್ರದ ದಿನಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷ ಕ್ರೀಡಾ ಪುಟವನ್ನು ನೋಡಿಕೊಂಡಿದ್ದ ಗೆಳೆಯರೊಬ್ಬರನ್ನು ಕಳೆದ ತಿಂಗಳು ಕರಡು ತಿದ್ದುವ ಮೇಜಿಗೆ ತಳ್ಳಿದ್ದಾರೆ. ಅವರು ಮಾಡಿದ ಮಹಾಪರಾಧವೇನು? ತಾಲ್ಲೂಕು ಮಟ್ಟದ ಬಾಲಕಿಯರ ಖೋ ಖೋ ಪಂದ್ಯದ ಫಲಿತಾಂಶವನ್ನು, ಗೆದ್ದ ಶಾಲೆಯಿಂದ ಅಭಿನಂದನೆಯ ಜಾಹೀರಾತು ವಸೂಲು ಮಾಡದೆ, ಪುಟದ ನೆತ್ತಿಯ ಮೇಲೆ ಅಚ್ಚು ಹಾಕಿಸಿದರು. ಅಷ್ಟೆ. ಅದು ಸರಕಾರಿ ಪ್ರೌಢಶಾಲೆ. ಅಲ್ಲಿ ಚೆಂಡು ಕೊಳ್ಳುವುದಕ್ಕೇ ಮೇಷ್ಟರು ಕೈಯಿಂದ ಹಾಕಬೇಕು. ಜಾಹೀರಾತು ಎಲ್ಲಿಂದ ಕೊಟ್ಟಾರು? ಆದರೆ ಧಣಿಗಳ ಲೆಕ್ಕವೇ ಬೇರೆ. “ಯಾರ್ರೀ ಓದ್ತಾರೆ ನಿಮ್ಮ ಖೋ ಖೋ? ಆ ಜಾಗಕ್ಕೆ ಕ್ರಿಕೆಟ್ ಹಾಕೋಕೆ ಏನಾಗಿತ್ತು?” ಎಂದು ಎಲ್ಲರೆದುರಿಗೆ ಕೇಳಿದರಂತೆ.

ಕ್ರೀಡಾ ಸಂಪಾದಕ ಎಂಬ ಪದವಿಯ ಹೆಸರು ಕೇಳಿ ಓದುಗರು ಬೆರಗಾಗಬೇಕಿಲ್ಲ. ಜಿಲ್ಲಾ ಪತ್ರಿಕೆಯಲ್ಲಿ ಈ ಸಂಪಾದಕನ ಕೈಕೆಳಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಅವನೇ ವರದಿಗಾರ, ಅವನೇ ಅನುವಾದಕ, ಪುಟ ಕಟ್ಟುವವನೂ ಅವನೇ. ಚಿತ್ರ ತೆಗೆಯುವುದು ಅವನದೇ ಮೊಬೈಲು, ಮೈದಾನಕ್ಕೆ ಹೋಗುವುದು ಅವನದೇ ಪೆಟ್ರೋಲು. ಮಧ್ಯಾಹ್ನ ಎರಡಕ್ಕೆ ಬಂದು ಕೂತರೆ ಸುದ್ದಿಸಂಸ್ಥೆಯಿಂದ ಇಂಗ್ಲಿಷಿನಲ್ಲಿ ಬಂದು ಬಿದ್ದ ಕ್ರಿಕೆಟ್ ರಾಶಿಯನ್ನು ಕನ್ನಡಕ್ಕೆ ತಿರುಗಿಸಬೇಕು. ನಗರಸಭೆಗೆ ಹೋಗುವ ವರದಿಗಾರ ರಜೆ ಹಾಕಿದರೆ ಅದೂ ಇವನ ತಲೆಗೆ. ಸಂಜೆಯಾಗುತ್ತಲೂ ಹಳ್ಳಿಗಳಿಂದ ಡ್ರಿಲ್ ಮಾಸ್ತರರ ಫೋನು ಶುರು. ನಾನು ಮೇಷ್ಟರಾಗಿದ್ದಾಗ ಈ ಗೆಳೆಯರನ್ನು ಹೀಗೆ ಎಷ್ಟು ಸಲ ಕಾಡಿದ್ದೇನೋ! ಒಂದು ದಿನವೂ ಬೇಸರಿಸಿದವರಲ್ಲ. ಹನ್ನೆರಡು ಹುಡುಗಿಯರ ಹೆಸರನ್ನೂ ಹೇಳಿಸಿಕೊಂಡು, “ಮೇಷ್ಟ್ರೇ, ಇದು ಲತಾನೋ ಲಲಿತಾನೋ? ಹೆಸರು ತಪ್ಪಾದರೆ ಆ ಮಗು ಪೇಪರನ್ನು ಯಾರಿಗೆ ತೋರಿಸಬೇಕು?” ಎಂದು ತಿರುಗಿ ಕೇಳುತ್ತಿದ್ದರು. ಕೂಲಿಗೆ ಹೋಗುವ ತಾಯೊಬ್ಬಳು ಅಂಥ ಒಂದು ತುಂಡನ್ನು ಮಡಿಸಿ ರೇಷನ್ ಕಾರ್ಡಿನೊಳಗೆ ಇಟ್ಟುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಕೆಲಸಕ್ಕೆ ಹನ್ನೊಂದನೆಯ ವರ್ಷದಲ್ಲಿ ಅವರಿಗೆ ಸಿಗುತ್ತಿದ್ದ ಸಂಬಳ ತಿಂಗಳಿಗೆ 14,000 ರೂಪಾಯಿ.

ಓದುಗರಿಗೆ ಕ್ರಿಕೆಟ್ಟೇ ಬೇಕು ಎಂಬ ಧಣಿಗಳ ವಾದವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಐಪಿಎಲ್ ಪಂದ್ಯ ಶುರುವಾಗುವುದು ರಾತ್ರಿ ಏಳೂವರೆಗೆ. ಮುಗಿಯುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಪತ್ರಿಕೆಯ ಕಟ್ಟುಗಳು ಹಳ್ಳಿಯ ಮೊದಲ ಬಸ್ಸು ಹಿಡಿಯಬೇಕಾದರೆ ಪುಟ ಹತ್ತೂವರೆಗೇ ಅಚ್ಚಿಗೆ ಹೋಗಬೇಕು. ಆದ್ದರಿಂದ ನಮ್ಮ ಪತ್ರಿಕೆ ಮರುದಿನ ಬೆಳಿಗ್ಗೆ ಕೊಡುವುದು ಅರ್ಧ ಪಂದ್ಯ! ಪೂರ್ತಿ ಪಂದ್ಯವನ್ನು ಚಹಾದಂಗಡಿಯ ಹುಡುಗ ಕೂಡ ರಾತ್ರಿಯೇ ಮೊಬೈಲಿನಲ್ಲಿ ನೋಡಿ ಮುಗಿಸಿರುತ್ತಾನೆ. ಅವನಿಗೆ ಈ ತಂಗಳು ಬಡಿಸಿ ‘ನಿನಗೆ ಇದೇ ಬೇಕಲ್ಲವೇ’ ಎನ್ನುವುದು ಎಂಥ ವ್ಯಾಪಾರ? ನಮ್ಮ ತಾಲ್ಲೂಕಿನ ಕಬಡ್ಡಿಯಲ್ಲಿ ಯಾರು ಗೆದ್ದರು, ಜಾತ್ರೆಯ ಕುಸ್ತಿಯಲ್ಲಿ ಯಾರು ಚಿತ್ತಾದರು ಎಂಬುದನ್ನು ಮಾತ್ರ ಮುಂಬಯಿಯ ಯಾವ ಕಂಪನಿಯೂ ಹೇಳಲಾರದು. ಅದನ್ನು ಹೇಳಬಲ್ಲ ಒಬ್ಬನೇ ಒಬ್ಬನನ್ನು ಧಣಿಗಳು ಕರಡು ತಿದ್ದಲು ಕೂರಿಸಿದ್ದಾರೆ.

ಕ್ರಿಕೆಟ್ ಅಲ್ಲದ ಆಟಕ್ಕೆ ಜನರಿಲ್ಲವೆಂಬುದೂ ಶುದ್ಧ ಸುಳ್ಳು. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ 60 ಮನೆತನಗಳಿಂದ ಆರಂಭವಾದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ಮೈದಾನಕ್ಕಿಳಿದ ಮನೆತನಗಳು 360. ಕ್ರಿಕೆಟ್ ಮಂಡಳಿಯೇನೂ ಬಂದು ಅದನ್ನು ಬೆಳೆಸಲಿಲ್ಲ.

ಆ ಮಂಡಳಿಯ ವಿಷಯ ಬಂದಿತೆಂದು ಹೇಳುತ್ತೇನೆ. 2023ರಿಂದ 2027ರವರೆಗಿನ ಐದು ಐಪಿಎಲ್ ಋತುಗಳ ಪ್ರಸಾರ ಹಕ್ಕನ್ನು ಅದು 2022ರ ಜೂನ್ ಹರಾಜಿನಲ್ಲಿ ಮಾರಿದ್ದು 48,390 ಕೋಟಿ ರೂಪಾಯಿಗೆ. ಇಷ್ಟು ಹಣವಂತರ ಆಟಕ್ಕೆ ನಮ್ಮ ಬಡ ಪತ್ರಿಕೆಗಳು ದಿನಕ್ಕೊಂದು ಪುಟವನ್ನು ಪುಕ್ಕಟೆ ಬಿಟ್ಟುಕೊಡುತ್ತವೆ. ಸರಕಾರಿ ಶಾಲೆಯ ಹುಡುಗಿಯರ ಐದು ಸಾಲಿಗೆ ಕಾಸು ಕೇಳುತ್ತವೆ! ಉಳ್ಳವನಿಗೆ ದಾನ, ಇಲ್ಲದವನಿಗೆ ದಂಡ.

ಇದರ ಫಲ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2025ರ ಜನವರಿಯಲ್ಲಿ ನೋಡಿದೆವು. ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳಾ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಪುರುಷರ ತಂಡದಲ್ಲಿ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರಕಾರ ಇವರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರವೋ, ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಯನ್ನೂ ಸರಕಾರಿ ನೌಕರಿಯನ್ನೂ ಘೋಷಿಸಿತು. ನಿಮ್ಮ 5 ಲಕ್ಷ ನಮಗೆ ಬೇಡ ಎಂದು ಚೈತ್ರಾ, ಗೌತಮ್ ಇಬ್ಬರೂ ನಿರಾಕರಿಸಿದರು. ಒಳ್ಳೆಯದನ್ನೇ ಮಾಡಿದರು. ಆಗ ಸರಕಾರವನ್ನು ಬೈದು ಬರೆಯುವುದು ಸುಲಭವಾಗಿತ್ತು. ಆದರೆ ಆ ಆಟವನ್ನು ವರ್ಷಗಟ್ಟಲೆ ಮೂಲೆಗೊತ್ತಿದ ಪತ್ರಿಕೆಗಳಿಗೆ ಬೈಯುವ ನೈತಿಕ ಹಕ್ಕು ಎಲ್ಲಿಂದ ಬಂತು? ಪುಟದಲ್ಲಿ ಕಾಣದ ಆಟ ಮಂತ್ರಿಯ ಕಣ್ಣಿಗೂ ಕಾಣುವುದಿಲ್ಲ.

ಇನ್ನು ಸಂಬಳದ ಮಾತು. ಶ್ರಮಜೀವಿ ಪತ್ರಕರ್ತರಿಗಾಗಿ 1955ರಲ್ಲಿ ಸಂಸತ್ತು ಮಾಡಿದ ಕಾಯಿದೆ, ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಕೂಡದೆಂದಿತು. ನಮ್ಮ ಗೆಳೆಯರು ಅಷ್ಟು ಗಂಟೆಯನ್ನು ಮೂರು ವಾರ ಮುಗಿಯುವುದರೊಳಗೇ ದುಡಿದು ಮುಗಿಸುತ್ತಿದ್ದರು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು ಕೇಂದ್ರ ಸರಕಾರ 2011ರಲ್ಲಿ ಜಾರಿಗೊಳಿಸಿತು. ಧಣಿಗಳು ಕೋರ್ಟಿಗೆ ಹೋದರು. 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಗ ಹೊಸ ಉಪಾಯ ಹುಡುಕಿದರು. ‘ಈಗಿರುವ ಸಂಬಳವೇ ನನಗೆ ಸಾಕು’ ಎಂಬ ಕಾಗದಕ್ಕೆ ನೌಕರರಿಂದ ರುಜು ಹಾಕಿಸಿಕೊಂಡರು. ಸಾಕು ಎಂದು ಯಾವ ಹೊಟ್ಟೆ ಹೇಳೀತು? ಆ ರುಜುವನ್ನು ತೋರಿಸಿ ಮಂಡಳಿ ಹೇಳಿದ್ದಕ್ಕಿಂತ ಕಡಿಮೆ ಕೊಡುವಂತಿಲ್ಲ, ಗುತ್ತಿಗೆಯ ನೌಕರರಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟು 2017ರ ಜೂನ್ 19ರಂದು ತೀರ್ಪಿತ್ತಿತು. ಆದರೆ ನ್ಯಾಯಾಂಗ ನಿಂದನೆಯ ಆರೋಪದಿಂದ ಧಣಿಗಳನ್ನು ಪಾರು ಮಾಡಿತು. ಪಾರಾದವರು ನಕ್ಕರು. ಈಗ ಆ 1955ರ ಕಾಯಿದೆಯೇ ಪ್ರತ್ಯೇಕವಾಗಿ ಉಳಿದಿಲ್ಲ. 2020ರ ಕಾರ್ಮಿಕ ಸಂಹಿತೆಯೊಂದರ ಹೊಟ್ಟೆಯೊಳಗೆ ಅದನ್ನು ಸೇರಿಸಿದ್ದಾರೆ.

ಎಲ್ಲ ತಪ್ಪನ್ನೂ ಧಣಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಪಂದ್ಯಾವಳಿಯ ಉದ್ಘಾಟನೆಗೆ ಹೋಗಿ, ಶಾಸಕರ ಭಾಷಣವನ್ನು ಮೂವತ್ತು ಸಾಲು ಬರೆದು, ಗೆದ್ದ ತಂಡದ ಹೆಸರನ್ನೇ ಮರೆತು, ಲಕೋಟೆಯನ್ನು ಮಾತ್ರ ಮರೆಯದೆ ತರುವ ವರದಿಗಾರರೂ ನಮ್ಮಲ್ಲಿ ಇದ್ದಾರೆ. ಕಬಡ್ಡಿ ಪಂದ್ಯದ ಚಿತ್ರದಲ್ಲಿ ಆಟಗಾರರನ್ನು ಹಿಂದಕ್ಕೆ ತಳ್ಳಿ ತಾವು ನಿಲ್ಲುವ ಸಂಘಟಕರೂ ಇದ್ದಾರೆ. ನಮ್ಮ ಪಕ್ಷದವರೂ ಒಂದೆರಡು ಸಲ ಹಾಗೆ ನಿಂತದ್ದುಂಟು. ಕಾರ್ಯಕರ್ತರ ಸಭೆಯಲ್ಲಿ ಅದನ್ನು ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಮೊನ್ನೆ ಆ ಗೆಳೆಯರನ್ನು ಕಚೇರಿಯ ಹೊರಗೆ ಕಂಡೆ. ಬಾಕಿ ವೇತನಕ್ಕಾಗಿ ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆದಿದ್ದಾರೆ. ಜೊತೆಗೆ ರುಜು ಹಾಕಲು ಕಚೇರಿಯ ಇನ್ನೂ ಇಬ್ಬರು ಮುಂದೆ ಬಂದಿದ್ದಾರೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅರ್ಜಿ ಕೊಡಲು ಹೋಗುವಾಗ ನಾವು ಕೆಲವರು ಜೊತೆಗಿರುತ್ತೇವೆ. ಖೋ ಖೋ ಗೆದ್ದ ಶಾಲೆಯ ಡ್ರಿಲ್ ಮಾಸ್ತರರೂ ಅರ್ಧ ದಿನದ ರಜೆ ಹಾಕಿ ಬರುತ್ತೇನೆಂದು ಹೇಳಿದ್ದಾರೆ.