ಅಜ್ಜ ಡಿಕ್ಲರೇಶನ್ ಕೊಟ್ಟರು, ನಾವು ಮತ್ತೆ ಚಾಲಗೇಣಿಗೆ ಹೋದೆವು

ಕಳೆದ ಡಿಸೆಂಬರಿನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೆ, ಕಾಪುವಿನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದ. ಲೈಟ್‌ಹೌಸಿನಿಂದ ಸ್ವಲ್ಪ ಆಚೆ ಅವನದ್ದು ಮೂರು ರೂಮಿನ ಹೋಮ್‌ಸ್ಟೇ. "ಪೇಜ್ ಹೋಯ್ತು ಮಾರಾಯ. ಒಳಗೆ ಹೋಗ್ಲಿಕ್ಕೇ ಆಗುದಿಲ್ಲ. ಎಂತ ತಪ್ಪು ಮಾಡಿದ್ದು ಅಂತಲೂ ಹೇಳುದಿಲ್ಲ" ಅಂದ.

ನಾಲ್ಕು ವರ್ಷದ ಫೋಟೋಗಳು, ಉಳಿದುಕೊಂಡು ಹೋದವರು ಬರೆದ ಒಳ್ಳೆಯ ಮಾತುಗಳು, ಬುಕಿಂಗ್ ಕೇಳಿ ಬಂದ ಮೆಸೇಜುಗಳು, ಎಲ್ಲ ಒಂದೇ ಬೆಳಿಗ್ಗೆ ಇಲ್ಲ. ನಾನು ಕಂಪ್ಯೂಟರ್ ಗೊತ್ತಿರುವ ತಮ್ಮ ತಾನೆ, ಕೂತು ಅಪೀಲು ಹಾಕಿದೆ. ಯಂತ್ರ ಉತ್ತರ ಕೊಟ್ಟಿತು. ಮತ್ತೆ ಹಾಕಿದೆ. ಅದೇ ಯಂತ್ರ, ಅದೇ ಉತ್ತರ. ಆ ಕಂಪನಿಯಲ್ಲಿ ಮಾತಾಡಲು ಒಬ್ಬ ಮನುಷ್ಯನೂ ನಮಗೆ ಸಿಗಲಿಲ್ಲ.

ಆಗ ನೆನಪಾದದ್ದು ಅಜ್ಜ.

ನಮ್ಮ ಕರಾವಳಿಯಲ್ಲಿ ಹಿಂದೆ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿ ಅಂದರೆ ನಿಗದಿಯಾದ ಗೇಣಿ ಕೊಡುತ್ತಾ ಹೋದರೆ ಎಬ್ಬಿಸುವ ಹಾಗಿಲ್ಲ, ಮಕ್ಕಳಿಗೂ ಬರುತ್ತದೆ. ಚಾಲಗೇಣಿ ಅಂದರೆ ವರ್ಷದಿಂದ ವರ್ಷಕ್ಕೆ. ಗದ್ದೆ ಹದ ಮಾಡಿದ್ದು ನೀವು, ತೆಂಗಿನ ಸಸಿ ನೆಟ್ಟದ್ದು ನೀವು, ಆದರೆ ಧಣಿಗಳು ಏಳು ಅಂದರೆ ಏಳಬೇಕು. ನನ್ನ ಅಜ್ಜ ಚಾಲಗೇಣಿಯವರು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಗೆ ಬಂದು, ಡಿಕ್ಲರೇಶನ್ ಕೊಟ್ಟು, ಟ್ರಿಬ್ಯುನಲ್ಲಿಗೆ ಅಲೆದು ಅವರಿಗೆ ಭೂಮಿ ಆಯಿತು. ಆ ಕಾಗದವನ್ನು ಅವರು ಸಾಯುವವರೆಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

ಅವರ ಮೊಮ್ಮಕ್ಕಳಾದ ನಾವು ಏನು ಮಾಡಿದೆವು? ಇಂಜಿನಿಯರಿಂಗ್ ಓದಿ, ಕೈತುಂಬ ಸಂಬಳ ತೆಗೆದುಕೊಂಡು, ನಮ್ಮ ಅಂಗಡಿ, ನಮ್ಮ ಬರಹ, ನಮ್ಮ ಮಕ್ಕಳ ಫೋಟೋ, ಕೊನೆಗೆ ಮನೆಯ ಬಲ್ಬನ್ನೂ ತಂದು ಚಾಲಗೇಣಿಗೆ ಹಾಕಿದೆವು. ಅದೂ ಯಾರೂ ಒತ್ತಾಯ ಮಾಡದೆ. ಷರತ್ತುಗಳನ್ನು ಓದದೆ 'ಐ ಅಗ್ರೀ' ಒತ್ತಿ.

"ಅಯ್ಯೋ, ಅಷ್ಟು ದೊಡ್ಡ ಕಂಪನಿ ಎಲ್ಲಿಗೆ ಹೋಗುತ್ತೆ ಬಿಡಿ" ಅನ್ನುತ್ತೀರಿ. ಕಾರ್ಕಳದವರಿಗೆ ಒಂದು ಅಳತೆ ಇದೆ. ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಆ ಅಳತೆಯಲ್ಲಿ ನೋಡಿ. ಆರ್ಕುಟ್ 2004ರಲ್ಲಿ ಶುರುವಾಗಿ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2011ರಲ್ಲಿ ಬಂದು 2019ರಲ್ಲಿ ಹೋಯಿತು. ಎರಡೂ ಗೂಗಲ್‌ನವು, ಒಂದು ಮಸ್ತಕಾಭಿಷೇಕದಿಂದ ಇನ್ನೊಂದರವರೆಗೂ ಬಾಳಲಿಲ್ಲ. ಲಕ್ಷಾಂತರ ಜನ ಮೊದಲ ವೆಬ್‌ಪುಟ ಕಟ್ಟಿದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ನೆಲಸಮ ಮಾಡಿತು. ಕಂಪನಿ ಉಳಿಯುತ್ತೆ ಸ್ವಾಮಿ, ನಿಮ್ಮ ಗದ್ದೆ ಉಳಿಯುವುದಿಲ್ಲ.

ಹಾಗಾದರೆ ಮಾಡುವುದೇನು? ನಿಮ್ಮದೇ ಒಂದು ವೆಬ್‌ಸೈಟ್ ಕಟ್ಟಿ. ಇದಕ್ಕೆ ಐವತ್ತು ಸಾವಿರದ ಕೊಟೇಶನ್ ಬೇಕಿಲ್ಲ. ಒಂದು .ಇನ್ ಡೊಮೇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಹೌದು, ಇದೂ ಗೇಣಿಯೇ. ಆದರೆ ಮೂಲಗೇಣಿಯ ಜಾತಿಗೆ ಸೇರಿದ್ದು. ದುಡ್ಡು ಕಟ್ಟುತ್ತಾ ಹೋದರೆ ಹೆಸರು ನಿಮ್ಮದು. ಒಬ್ಬ ರಿಜಿಸ್ಟ್ರಾರ್ ಸರಿ ಇಲ್ಲ ಅನ್ನಿಸಿದರೆ ಹೆಸರನ್ನು ಎತ್ತಿಕೊಂಡು ಇನ್ನೊಬ್ಬನ ಹತ್ತಿರ ಹೋಗಬಹುದು. ಒಂದೇ ಎಚ್ಚರ: ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ವೆಬ್‌ಸೈಟ್ ಮಾಡಿಕೊಡುವ ಹುಡುಗ ತನ್ನ ಹೆಸರಿನಲ್ಲಿ ನೋಂದಾಯಿಸಿದರೆ ಧಣಿ ಬದಲಾದ ಅಷ್ಟೆ.

ಆಮೇಲೆ ಪುಟ. ಹೋಮ್‌ಸ್ಟೇಗೆ, ಡೆಂಟಲ್ ಕ್ಲಿನಿಕ್ಕಿಗೆ, ಯಕ್ಷಗಾನ ಸಂಘಕ್ಕೆ ಬೇಕಾದದ್ದು ನಾಲ್ಕು ಸರಳ ಎಚ್‌ಟಿಎಂಎಲ್ ಪುಟ. ಯಾರು, ಎಲ್ಲಿ, ಏನು, ಎಷ್ಟು. ಇಂಥ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಂಥ ಕಡೆ ಪುಕ್ಕಟೆ ಇಡಬಹುದು. ಅದು ನಾಳೆ ನಿಂತರೂ ಚಿಂತೆಯಿಲ್ಲ, ಫೈಲುಗಳು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುತ್ತವೆ, ಹೆಸರು ನಿಮ್ಮದಿರುತ್ತದೆ, ಬೇರೆ ಕಡೆ ಹಾಕಿದರಾಯ್ತು. ಜಾರುವ ಚಿತ್ರ, ಹಾರುವ ಅಕ್ಷರ, ತಾನಾಗಿ ಓಡುವ ವಿಡಿಯೋ ಬೇಡ. ಕನ್ನಡದ ಒಂದು ಅಕ್ಷರಸಂಕೇತಕ್ಕೆ ಯುಟಿಎಫ್-8ನಲ್ಲಿ 3 ಬೈಟ್. ನೀವು ಈಗ ಓದುತ್ತಿರುವ ಇಡೀ ಲೇಖನಕ್ಕೆ 30 ಕೆಬಿ ಧಾರಾಳವಾಯಿತು. ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ 3-4 ಎಂಬಿ. ಮಳೆಗಾಲದಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಯಾವುದು ತೆರೆದುಕೊಳ್ಳುತ್ತೆ, ನೀವೇ ಹೇಳಿ.

ಇನ್ನೊಂದು ಜಗಳ ನನಗಿದೆ. ಕನ್ನಡವನ್ನು ಚಿತ್ರ ಮಾಡಿ ಹಾಕುವವರ ಜೊತೆ. ಕಾರ್ಯಕ್ರಮದ ಆಮಂತ್ರಣ ಪೋಸ್ಟರು, ಅಂಗಡಿಯ ವಿಳಾಸ ಪೋಸ್ಟರು, ಕವಿತೆಯೂ ಪೋಸ್ಟರು. ಅದನ್ನು ಆರಿಸಿ ಕಾಪಿ ಮಾಡಿ ಕಳಿಸಲು ಸುಲಭವಿಲ್ಲ, ಹುಡುಕಿದರೆ ಸಿಗುವ ಭರವಸೆಯಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುವ ಖಾತ್ರಿಯಿಲ್ಲ. ಇದು ಹಳೇ ರೋಗ. ಒಂದು ಕಾಲದಲ್ಲಿ ಪ್ರತಿ ಕನ್ನಡ ತಾಣಕ್ಕೂ ಅದರದ್ದೇ ಫಾಂಟು. ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಬರೀ ಕಸ ಕಾಣುತ್ತಿತ್ತು. ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಅದನ್ನು ಬಿಟ್ಟು ನಾವು ಪೋಸ್ಟರಿಗೆ ಮರಳಿದ್ದೇವೆ.

ಅದೂ ಎಲ್ಲಿ? ಕೆ.ಪಿ. ರಾವ್ ಅವರ ಊರಿನ ಕಡೆ. ಕನ್ನಡದ ಕೀಲಿಮಣೆಗೆ ಅವರು ಕೊಟ್ಟ ತರ್ಕ ಎಷ್ಟು ಸರಳ ನೋಡಿ: ಪ್ರತಿ ಒತ್ತಕ್ಷರಕ್ಕೆ ಬೇರೆ ಕೀಲಿ ಬೇಡ, ಎರಡು ವ್ಯಂಜನಗಳ ನಡುವೆ ಒಂದು ಕೊಂಡಿ ಸಾಕು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇವತ್ತಿನ ಸರ್ಕಾರಿ ವಿನ್ಯಾಸಕ್ಕೂ ಅದೇ ತಳಹದಿ. 'ಸೇಡಿಯಾಪು' ತಂತ್ರಾಂಶವನ್ನು ಅವರು ಮಾರಲಿಲ್ಲ, ಹಂಚಿದರು. ಅಷ್ಟು ದೊಡ್ಡ ಆಸ್ತಿ ಪುಕ್ಕಟೆ ಸಿಕ್ಕಿದವರು ನಾವು. ಹತ್ತು ಸಾಲು ಟೈಪ್ ಮಾಡಲು ಸೋಮಾರಿತನ.

ಈಗ ಮನೆಯೊಳಗೆ ಬನ್ನಿ. ಇಲ್ಲಿ ತಪ್ಪು ನನ್ನದೇ.

ಕಾರ್ಕಳದ ಮನೆಯಲ್ಲಿ ಅಮ್ಮ ಒಬ್ಬರೇ. ನಾನು ಇರುವುದು ಮಣಿಪಾಲದಲ್ಲಿ. ಬಾವಿಯ ಪಂಪಿಗೆ ಮೊಬೈಲಿನಿಂದ ಹಾಕಿ-ಆರಿಸುವ ವೈಫೈ ಸ್ವಿಚ್ ಕೂರಿಸಿದೆ. ಗೋಡೆಯ ಹಳೇ ಸ್ವಿಚ್ ತೆಗೆಸಿದೆ, ಚಂದ ಕಾಣುವುದಿಲ್ಲ ಅಂತ. ಮಳೆ ಹಿಡಿಯುವ ಮುಂಚಿನ ಸಿಡಿಲಿಗೆ ಒಂದು ಸಂಜೆ ರೂಟರ್ ಸುಟ್ಟಿತು. ಬಾವಿಯಲ್ಲಿ ನೀರಿತ್ತು, ಕರೆಂಟ್ ಇತ್ತು, ಪಂಪಿಗೆ ಏನೂ ಆಗಿರಲಿಲ್ಲ. ಆದರೆ ಆ ಸ್ವಿಚ್ಚಿಗೆ ಯಾವುದೋ ದೇಶದ ಸರ್ವರಿನ ಅಪ್ಪಣೆ ಬೇಕಿತ್ತು. ಎರಡು ದಿನ ಅಮ್ಮ ಹಗ್ಗ ಹಾಕಿ ಕೊಡಪಾನದಲ್ಲಿ ನೀರು ಸೇದಿದರು. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನಮ್ಮ ಬಾವಿಯ ನೀರಿಗೆ ಅಮೆರಿಕದವರನ್ನು ಕೇಳ್ಬೇಕಾ ಮಗ?"

ಈ ಪ್ರಶ್ನೆಗೆ ಉತ್ತರ ಯಾವ ಸ್ಮಾರ್ಟ್‌ಹೋಮ್ ಜಾಹೀರಾತಿನಲ್ಲೂ ಇಲ್ಲ. ಅಮೆರಿಕದಲ್ಲಿ 300 ಡಾಲರ್ ಕೊಟ್ಟು ರಿವಾಲ್ವ್ ಎಂಬ ಹಬ್ ತೆಗೆದುಕೊಂಡವರಿಗೂ ಇದೇ ಆಯಿತು. ಆ ಕಂಪನಿಯನ್ನು ನೆಸ್ಟ್ ಕೊಂಡುಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಪೆಟ್ಟಿಗೆ ಹಾಳಾಗಿರಲಿಲ್ಲ, ಹೆಣವಾಗಿತ್ತು.

ನಾನು ಟೆಕ್ನಾಲಜಿಗೆ ವಿರೋಧಿಯಲ್ಲ. ಈಗ ಅದೇ ಪಂಪಿಗೆ ಗೋಡೆಯ ಸ್ವಿಚ್ ವಾಪಸ್ ಬಂದಿದೆ, ಟ್ಯಾಂಕಿನಲ್ಲಿ ಕೆಲವೇ ನೂರು ರೂಪಾಯಿಯ ಫ್ಲೋಟ್ ಸ್ವಿಚ್ ಇದೆ. ನೀರು ತುಂಬಿದರೆ ತಾನೇ ಆರುತ್ತೆ. ಅದಕ್ಕೆ ಪಾಸ್‌ವರ್ಡ್ ಬೇಡ, ಅಪ್‌ಡೇಟ್ ಬೇಡ. ನನ್ನ ಹುಚ್ಚಿಗೆ ಒಂದು ರಾಸ್ಪ್‌ಬೆರಿ ಪೈ ಮೇಲೆ ಹೋಮ್ ಅಸಿಸ್ಟೆಂಟ್ ಓಡುತ್ತಿದೆ, ಮನೆಯೊಳಗೇ, ಹೊರಗಿನವರ ಹಂಗಿಲ್ಲದೆ. ಅದು ಕೆಟ್ಟರೂ ಗೋಡೆಯ ಸ್ವಿಚ್ ಕೆಲಸ ಮಾಡುತ್ತೆ. ಮನೆಗೆ ಏನೇ ತರುವ ಮುಂಚೆ ಅಂಗಡಿಯವನಿಗೆ ಒಂದು ಪ್ರಶ್ನೆ ಕೇಳಿ: ಇಂಟರ್ನೆಟ್ ಇಲ್ಲದಿದ್ದರೆ ಇದು ಏನು ಮಾಡುತ್ತೆ? ಅವನು ತಡವರಿಸಿದರೆ ವಾಪಸ್ ಇಡಿ.

ಸೋಶಿಯಲ್ ಮೀಡಿಯಾ ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ. ಗಿರಾಕಿ ಇರುವುದು ಅಲ್ಲೇ, ಒಪ್ಪಿದೆ. ಅತ್ತೂರು ಜಾತ್ರೆಗೆ ಅಂಗಡಿ ಹಾಕುವವರು ಹಾಕುತ್ತಾರೆ, ವ್ಯಾಪಾರ ಮಾಡುತ್ತಾರೆ, ಮುಗಿದ ಮೇಲೆ ಗಂಟು ಕಟ್ಟಿಕೊಂಡು ಮನೆಗೆ ಬರುತ್ತಾರೆ. ಮನೆಯನ್ನೇ ಮಾರಿ ಜಾತ್ರೆಯ ಟಾರ್ಪಾಲಿನ ಕೆಳಗೆ ಸಂಸಾರ ಹೂಡಿದವರನ್ನು ನಾನು ನೋಡಿಲ್ಲ. ಜಾತ್ರೆಯಲ್ಲಿ ಕೂಗಿ, ಆದರೆ ಮನೆಯ ವಿಳಾಸ ಕೊಟ್ಟು ಕಳಿಸಿ.

ಅಣ್ಣನ ಹಳೇ ಪೇಜ್ ಇವತ್ತಿಗೂ ಬಂದಿಲ್ಲ. ಒಂದು ಭಾನುವಾರ ಅವನ ಜಗಲಿಯಲ್ಲಿ ಕೂತು, ಎರಡು ಸಲ ಚಾ ಕುಡಿಯುವಷ್ಟರಲ್ಲಿ ನಾಲ್ಕು ಪುಟ ಮಾಡಿದೆವು. ರೂಮಿನ ಬಾಡಿಗೆ, ಫೋನ್ ನಂಬರು, ಬಸ್‌ಸ್ಟ್ಯಾಂಡಿನಿಂದ ಬರುವ ದಾರಿ, ಎಲ್ಲ ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಹೋದ ಫೋಟೋಗಳು ಹೋದವು. ಅವುಗಳ ಪ್ರತಿ ಅವನ ಹತ್ತಿರ ಇರಲಿಲ್ಲ. ಅದರಲ್ಲಿ ಒಂದರಲ್ಲಿ ದೊಡ್ಡಪ್ಪ ಜಗಲಿಯಲ್ಲಿ ಕೂತು ಅತಿಥಿಗಳ ಮಕ್ಕಳಿಗೆ ಎಳನೀರು ಕೆತ್ತಿಕೊಡುತ್ತಿದ್ದರಂತೆ. ದೊಡ್ಡಪ್ಪ ಈಗಿಲ್ಲ.

ಈ ಶನಿವಾರ ನಿಮಗೆ ಬೇರೆ ಕೆಲಸ ಇಲ್ಲದಿದ್ದರೆ, ಮೊದಲು ನಿಮ್ಮ ಫೋಟೋಗಳನ್ನು ಇಳಿಸಿ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ, ಒಂದನ್ನು ಊರಿನ ಮನೆಯಲ್ಲಿಡಿ. ಡೊಮೇನ್ ಹೆಸರು ಭಾನುವಾರ ತೆಗೆದುಕೊಂಡರಾಯಿತು.