ರೀಚಾರ್ಜಿನ ಮೇಲೊಂದು ಸುಂಕದಕಟ್ಟೆ

ಅಂತರ್ಜಾಲ ಸಂಪರ್ಕಕ್ಕೆ ಸರ್ಕಾರ ತೆರಿಗೆ ವಿಧಿಸಬಹುದೇ ಎಂಬ ಪ್ರಶ್ನೆ ಹಂಗೆರಿಯಲ್ಲಿ ಬೀದಿಗೆ ಬಂದಿತ್ತು. 2014ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಪ್ರತಿ ಗಿಗಾಬೈಟಿಗೆ 150 ಫೋರಿಂಟ್ ತೆರಿಗೆಯ ಪ್ರಸ್ತಾವ ಮುಂದಿಟ್ಟಾಗ ಬುಡಾಪೆಸ್ಟಿನ ಜನ ಮೊಬೈಲ್ ದೀಪ ಎತ್ತಿ ಹಿಡಿದು ಪ್ರತಿಭಟಿಸಿದರು; ತಿಂಗಳು ಮುಗಿಯುವಷ್ಟರಲ್ಲಿ ಪ್ರಧಾನಿ ವಿಕ್ಟರ್ ಓರ್ಬಾನ್ ಅದನ್ನು ಕೈಬಿಟ್ಟರು. ಅಮೆರಿಕದಲ್ಲಿ ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಇಂಥ ತೆರಿಗೆ ಹಾಕದಂತೆ 1998ರಲ್ಲಿ ತಾತ್ಕಾಲಿಕವಾಗಿ ತಂದ ನಿರ್ಬಂಧ 2016ರಲ್ಲಿ ಶಾಶ್ವತವಾಯಿತು.

ನಮ್ಮಲ್ಲಿ ಅಂಥ ಚರ್ಚೆ ನಡೆಯಲಿಲ್ಲ, ತೆರಿಗೆ ಮಾತ್ರ ಏರಿತು. 1994ರಲ್ಲಿ ದೂರವಾಣಿಯ ಮೇಲೆ ಶೇ 5ರಷ್ಟಿದ್ದ ಸೇವಾ ತೆರಿಗೆ, ಜಿಎಸ್‌ಟಿ ಜಾರಿಯಾಗುವ ಮುನ್ನ ಉಪಕರಗಳೂ ಸೇರಿ ಶೇ 15 ಆಗಿತ್ತು. 2017ರ ಜುಲೈನಿಂದ ದೂರಸಂಪರ್ಕ ಸೇವೆಗಳ ಮೇಲಿನ ದರ ಶೇ 18. ಮುನ್ನೂರು ರೂಪಾಯಿಯ ರೀಚಾರ್ಜಿನಲ್ಲಿ ಸುಮಾರು 46 ರೂಪಾಯಿ ಬೊಕ್ಕಸಕ್ಕೆ ಹೋಗುತ್ತದೆ. ದರದೊಳಗೇ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ತೆರಿಗೆಯ ಭಾರ ಹೊರುವವರು ಯಾರು? ನೋಂದಾಯಿತ ಉದ್ಯಮಿಯಲ್ಲ. ವ್ಯಾಪಾರಕ್ಕೆ ಬಳಸಿದ ಸಂಪರ್ಕದ ಮೇಲೆ ತೆತ್ತ ತೆರಿಗೆಯನ್ನು ಆತ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ರೂಪದಲ್ಲಿ ಮರಳಿ ಹೊಂದಿಸಿಕೊಳ್ಳುತ್ತಾನೆ. ಆ ದಾರಿ ಇಲ್ಲದವರು ವಿದ್ಯಾರ್ಥಿಗಳು, ಕೂಲಿಕಾರರು, ಗೃಹಿಣಿಯರು, ನೋಂದಣಿಯ ಮಿತಿಗಿಂತ ಕೆಳಗಿರುವ ಸಣ್ಣ ಅಂಗಡಿಕಾರರು. ಬಡವನಿಗೂ ಸಿರಿವಂತನಿಗೂ ದರ ಒಂದೇ, ಆದರೆ ಆದಾಯದಲ್ಲಿ ಅದು ಕತ್ತರಿಸುವ ಪಾಲು ಒಂದೇ ಅಲ್ಲ.

ಇತ್ತ ಸರ್ಕಾರಗಳೇ ಜನರನ್ನು ಅಂತರ್ಜಾಲಕ್ಕೆ ಅಟ್ಟುತ್ತಿವೆ. ಪಹಣಿ ತೆಗೆಯುವುದು, ಸೇವಾಸಿಂಧುವಿನಲ್ಲಿ ಅರ್ಜಿ ಹಾಕುವುದು, ಪರೀಕ್ಷೆಯ ಫಲಿತಾಂಶ ನೋಡುವುದು ಎಲ್ಲವೂ ಅಲ್ಲೇ. ಅಂತರ್ಜಾಲ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟ್ 2019ರಲ್ಲೇ ಹೇಳಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅದೇ ಪಾಠವನ್ನು ಮೊಬೈಲಿನಲ್ಲಿ ಓದಲು ಬೇಕಾದ ಡೇಟಾಕ್ಕೆ ಶೇ 18. ಇದಕ್ಕೆ ಯಾವ ಅರ್ಥಶಾಸ್ತ್ರದಲ್ಲಿ ಸಮರ್ಥನೆ ಇದೆಯೋ ತಿಳಿಯದು.

2025ರ ಸೆಪ್ಟೆಂಬರಿನ ದರ ಪರಿಷ್ಕರಣೆ ಒಂದು ಅವಕಾಶವಾಗಿತ್ತು. ಏರ್ ಕಂಡೀಷನರ್ ಶೇ 28ರಿಂದ 18ಕ್ಕೆ ಇಳಿಯಿತು, ವೈಯಕ್ತಿಕ ಜೀವವಿಮೆ ಮತ್ತು ಆರೋಗ್ಯವಿಮೆಗೆ ವಿನಾಯಿತಿ ದೊರೆಯಿತು, ರೀಚಾರ್ಜು ಇದ್ದಲ್ಲೇ ಉಳಿಯಿತು. ಕಾರಣ ಊಹಿಸಲು ಕಷ್ಟವಿಲ್ಲ. ಬೆರಳೆಣಿಕೆಯ ಕಂಪನಿಗಳಿಂದ, ತಪ್ಪಿಸಿಕೊಳ್ಳುವ ಭಯವಿಲ್ಲದೆ ವಸೂಲಾಗುವ ತೆರಿಗೆಯನ್ನು ಯಾವ ಹಣಕಾಸು ಇಲಾಖೆಯೂ ತಾನಾಗಿ ಬಿಟ್ಟುಕೊಡದು. ಕಡತಗಳ ನಡುವೆ ಬದುಕು ಕಳೆದವರಿಗೆ ಇದು ಗೊತ್ತು.

ಪೂರ್ಣ ವಿನಾಯಿತಿಯನ್ನು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಕಂಪನಿಗಳು ಉಪಕರಣಗಳ ಮೇಲೆ ತೆತ್ತ ತೆರಿಗೆಗೆ ಕ್ರೆಡಿಟ್ ಸಿಗದೆ, ಆ ಹೊರೆ ಬೆಲೆಯೊಳಗೆ ಮತ್ತೆ ನುಸುಳುತ್ತದೆ. ಗೃಹಬಳಕೆಯ ಪ್ರೀಪೇಯ್ಡ್ ಮತ್ತು ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಶೇ 5ರ ಹಂತಕ್ಕೆ ತರುವುದು ಕಾರ್ಯಸಾಧ್ಯ. ಇಳಿಕೆಯ ಲಾಭ ಗ್ರಾಹಕನಿಗೆ ತಲುಪಿತೇ ಎಂಬುದರ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕಣ್ಣಿಡಬೇಕು. ರಾಜಸ್ವದ ಕೊರತೆಯಾಗುವುದು ನಿಜ, ಅದರಲ್ಲಿ ರಾಜ್ಯಗಳಿಗೂ ಪಾಲಿದೆ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗದ ತೂಕವಿದ್ದು, ನಿರ್ಣಯಕ್ಕೆ ಮುಕ್ಕಾಲು ಪಾಲು ಬೇಕು. ಆದ್ದರಿಂದ ದೆಹಲಿಯನ್ನು ದೂರಿದರೆ ಸಾಲದು. ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕರ್ನಾಟಕವೇ ಮೊದಲು ಎತ್ತಬಹುದು.