2520ರ ‘ಪವಾಡ’ ಮತ್ತು ಪಾಪದ ರಾಮಾನುಜನ್

ಡಿಸೆಂಬರ್ 22, ರಾಮಾನುಜನ್ ಹುಟ್ಟಿದ ದಿನ ಬಂತು ಅಂದ್ರೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ಫಾರ್ವರ್ಡ್ ಹಾಜರ್. 2520 ಎಂಬ ವಿಚಿತ್ರ ಸಂಖ್ಯೆ ನೋಡಿ, 1ರಿಂದ 10ರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯಲ್ಲ, ವಾರದ 7, ತಿಂಗಳ 30, ವರ್ಷದ 12 ಗುಣಿಸಿದರೂ ಅದೇ, ಜಗತ್ತಿನ ಗಣಿತಜ್ಞರೆಲ್ಲ ದಂಗಾದರು, ಕಂಡುಹಿಡಿದವರು ನಮ್ಮ ರಾಮಾನುಜನ್! ಕೊನೆಗೆ ಸಾಲುಸಾಲು ಕೈಮುಗಿಯುವ ಎಮೋಜಿ.

ಈ ಸಲ ತಡೀಲಾಗದೆ ಬರೆದೆ: ‘ಚಿಕ್ಕಪ್ಪ, ಇದು ಲ.ಸಾ.ಅ. ಅಷ್ಟೇ. ಚಿಕ್ಕವನಿದ್ದಾಗ ನೀವೇ ಹೇಳಿಕೊಟ್ಟಿದ್ದು.’ ತಕ್ಷಣ ಉತ್ತರ: ‘ನಮ್ಮವರ ಸಾಧನೆ ಅಂದ್ರೆ ನಿಮಗೆಲ್ಲ ತಾತ್ಸಾರ ಕಣೋ.’

ತಾತ್ಸಾರ ಯಾರದ್ದು ಸ್ವಾಮಿ? 8, 9, 5, 7 ಗುಣಿಸಿ, 2520 ಬಂತು. 11ರಿಂದಲೂ ಭಾಗವಾಗಬೇಕಾ? 27720 ತಗೊಳ್ಳಿ. ಇಷ್ಟಕ್ಕೆ ದಂಗಾಗುವ ಗಣಿತಜ್ಞ ಇದ್ದರೆ ಅವನ ಡಿಗ್ರಿ ವಾಪಸ್ ಕಿತ್ಕೋಬೇಕು.

ತಮಾಷೆ ಅಂದ್ರೆ, 2520 ನಿಜಕ್ಕೂ ರಾಮಾನುಜನ್ ಪಟ್ಟಿಯಲ್ಲಿದೆ. ಕಾರಣ ಬೇರೆ. ಅದಕ್ಕೆ 48 ಭಾಜಕಗಳು. ಅದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಅಷ್ಟಿಲ್ಲ. ಇಂಥ ‘ಹೈಲಿ ಕಾಂಪೊಸಿಟ್’ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ದೊಡ್ಡ ಪ್ರಬಂಧ ಬರೆದರು. ಮರುವರ್ಷ ಕೇಂಬ್ರಿಜ್ ಪದವಿ ಕೊಟ್ಟಿದ್ದು ಈ ಕೆಲಸಕ್ಕೇ. ಅದರ ಪಟ್ಟಿಯ ಕೊನೇ ಸಂಖ್ಯೆ 67,46,32,83,88,800. ಸುಮಾರು ಆರೂಮುಕ್ಕಾಲು ಲಕ್ಷ ಕೋಟಿ! ಭಾಜಕಗಳು 10,080.

ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದೇ ಸಂಖ್ಯೆ ಭಾಗಿಸುತ್ತಾ ಕೂತರೆ ಜನ್ಮ ಸಾಲದು. ಅವರು ನೋಡಿದ್ದು ಸಂಖ್ಯೆಯ ಒಳಗಿನ ರಚನೆಯನ್ನ. ಇದನ್ನು ಬಿಡಿಸಿದರೆ ಆರು 2, ನಾಲ್ಕು 3, ಎರಡು 5, ಎರಡು 7, ಆಮೇಲೆ 11, 13, 17, 19, 23 ಒಂದೊಂದು. ಈ ಲೆಕ್ಕ ಮುಂದೆ ಹೋದಂತೆ ಹೆಚ್ಚುವ ಹಾಗಿಲ್ಲ. ಯಾಕಂದ್ರೆ 5ಕ್ಕಿಂತ 7 ಜಾಸ್ತಿ ಇದ್ದರೆ ಅದಲುಬದಲು ಮಾಡಿ, ಭಾಜಕ ಅಷ್ಟೇ ಇರುತ್ತೆ, ಸಂಖ್ಯೆ ಚಿಕ್ಕದಾಗುತ್ತೆ. ಇಂಥ ಒಂದೊಂದು ತರ್ಕವನ್ನೂ ಸಾಧಿಸಿ, ಆಮೇಲೆ ನೂರಕ್ಕೂ ಹೆಚ್ಚು ಸಂಖ್ಯೆಗಳನ್ನು ಪಟ್ಟಿ ಮಾಡಿದ ಮನುಷ್ಯ ಅವರು. ಆ ಬೆವರನ್ನೆಲ್ಲ ಒರೆಸಿಹಾಕಿ ನಾವು ಕೈಗೆ ಐದನೇ ಕ್ಲಾಸಿನ ಲೆಕ್ಕ ಕೊಟ್ಟು ‘ಪವಾಡ’ ಅಂತ ಹಾರ ಹಾಕ್ತಿದ್ದೀವಿ.

ಇನ್ನೊಂದು ಗೊತ್ತಾ? ಆ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದೆ. 2,93,31,86,25,600. ಭಾಜಕಗಳು 5040. ಇದನ್ನು ಓದಿದಾಗ ನನಗೆ ರಾಮಾನುಜನ್ ಮೇಲೆ ಪ್ರೀತಿ ಇನ್ನೂ ಹೆಚ್ಚಾಯ್ತು. ಪವಾಡಪುರುಷರು ತಪ್ಪು ಮಾಡಲ್ಲ; ಕೂತು ಲೆಕ್ಕ ಹಾಕುವವರು ಮಾಡ್ತಾರೆ.

ಬಿಟ್ಟುಹೋದ ಆ ಸಂಖ್ಯೆಯನ್ನು ಚಿಕ್ಕಪ್ಪನಿಗೆ ಕಳಿಸಿದೆ. ‘23ರಿಂದ ಗುಣಿಸಿ ನೋಡಿ, ಪಟ್ಟಿಯ ಕೊನೇ ಸಂಖ್ಯೆ ಬರುತ್ತೆ’ ಅಂದೆ. ಬ್ಲೂ ಟಿಕ್ ಬಂದು ಎರಡು ದಿನ ಆಯ್ತು.